ಹೊಸ ಟಿವಿಯಲ್ಲಿ ‘ಕಾಂತಾರ’ದ ಕತ್ತಲು ಬೂದಿ ಬಣ್ಣ ಯಾಕೆ?

ದುಬೈ: ಶಾಪಿಂಗ್ ಫೆಸ್ಟಿವಲ್ ಆಫರ್‌ನಲ್ಲಿ 55 ಇಂಚಿನ 4ಕೆ ಟಿವಿ ಬಂದಾಯಿತು. ತಿಂಗಳು ತಿಂಗಳು ಸಂಬಳದಿಂದ ಕಂತು ಹೋಗುತ್ತಿದೆ. ರಜೆಯ ಹಿಂದಿನ ರಾತ್ರಿ ಎಲ್ಲರೂ ಸೇರಿ ‘ಕಾಂತಾರ’ ಹಾಕಿದರೆ, ಕೋಲದ ದೃಶ್ಯದಲ್ಲಿ ಕಾಡಿನ ಕತ್ತಲು ಬೂದಿ ಮೆತ್ತಿದ ಹಾಗೆ, ಮುಖಗಳು ಮೇಣದ ಗೊಂಬೆಯ ಹಾಗೆ. ‘ಅಂಗಡಿಯಲ್ಲಿ ಎಷ್ಟು ಚೆಂದ ಇತ್ತು! ಬೇರೆ ಪೀಸ್ ಕೊಟ್ಟರಾ?’ ಎಂಬ ಸಂಶಯ ಶುರುವಾಗುವುದೇ ಆಗ. ಕರಾಮಾದ ಶೇರಿಂಗ್ ಫ್ಲಾಟ್ ಇರಲಿ, ಅಬುಧಾಬಿಯ ಮುಸಫ್ಫಾದ ರೂಮ್ ಇರಲಿ, ದೂರು ಒಂದೇ.

ಹೆಚ್ಚಿನ ಸಲ ಟಿವಿ ಕೆಟ್ಟದ್ದಲ್ಲ. ಅದು ಇನ್ನೂ ಅಂಗಡಿಯ ವೇಷ ಕಳಚಿರುವುದಿಲ್ಲ, ಅಷ್ಟೇ. ಶೋರೂಮಿನ ಝಗಝಗ ಬೆಳಕಿನಲ್ಲಿ, ಸಾಲು ಟಿವಿಗಳ ನಡುವೆ ಎದ್ದು ಕಾಣಲಿ ಎಂದೇ ಬಣ್ಣ, ಹೊಳಪು, ಶಾರ್ಪ್‌ನೆಸ್ ಎಲ್ಲವನ್ನೂ ಏರಿಸಿಟ್ಟಿರುತ್ತಾರೆ. ರಿಮೋಟಿನಲ್ಲಿ ಸೆಟ್ಟಿಂಗ್ಸ್ ತೆರೆದು ‘ಪಿಕ್ಚರ್ ಮೋಡ್’ ನೋಡಿ. ‘ವಿವಿಡ್’ ಅಥವಾ ‘ಡೈನಾಮಿಕ್’ ಎಂದಿದ್ದರೆ ‘ಸಿನಿಮಾ’, ‘ಮೂವಿ’ ಅಥವಾ ‘ಫಿಲ್ಮ್‌ಮೇಕರ್’ ಮಾಡಿ. ಫಿಲ್ಮ್‌ಮೇಕರ್ ಮೋಡ್ 2019ರಲ್ಲಿ ಘೋಷಣೆಯಾದದ್ದು. ನಿರ್ದೇಶಕರು ನೋಡಿ ಒಪ್ಪಿದ ಬಣ್ಣವನ್ನು ಟಿವಿ ಬದಲಿಸಬಾರದು ಎಂಬುದೇ ಅದರ ಉದ್ದೇಶ. ಮೊದಲೆರಡು ದಿನ ಚಿತ್ರ ಹಳದಿ, ಮಂಕು ಅನಿಸುತ್ತದೆ. ಬಿಡಿ, ಕಣ್ಣು ಹೊಂದಿಕೊಳ್ಳುತ್ತದೆ. ಆಮೇಲೆ ವಿವಿಡ್‌ಗೆ ಮರಳಿದರೆ ಕಣ್ಣು ಕುಕ್ಕುತ್ತದೆ.

ಎರಡನೆಯ ಅಪರಾಧಿ ಮೋಷನ್ ಸ್ಮೂದಿಂಗ್. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಪಿಕ್ಚರ್ ಕ್ಲಾರಿಟಿ ಎಂಬ ಹೆಸರಲ್ಲಿ ಸಿಗುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು. ಟಿವಿ ಅವುಗಳ ನಡುವೆ ತಾನೇ ಊಹಿಸಿದ ಚಿತ್ರಗಳನ್ನು ತುರುಕುತ್ತದೆ. ಆಗ ಕೋಟಿಗಟ್ಟಲೆ ಖರ್ಚಿನ ಸಿನಿಮಾವೂ ಸಂಜೆಯ ಧಾರಾವಾಹಿಯ ಹಾಗೆ ಕಾಣುತ್ತದೆ. ಸಿನಿಮಾಕ್ಕೆ ಆಫ್ ಮಾಡಿ. ಕ್ರಿಕೆಟ್ ನೋಡುವಾಗ ಬೇಕಿದ್ದರೆ ಆನ್ ಇರಲಿ, ಚೆಂಡಿನ ಓಟ ನುಣುಪಾಗಿ ಕಾಣುತ್ತದೆ.

ಇನ್ನು ಕತ್ತಲಿನ ವಿಷಯ. ಟಿವಿಯ ನಿಜಬಣ್ಣ ಬಯಲಾಗುವುದು ಹಗಲಿನ ಕಂಬಳದಲ್ಲಲ್ಲ, ರಾತ್ರಿಯ ಬೆಂಕಿಯ ಬೆಳಕಿನಲ್ಲಿ. ‘ಕಾಂತಾರ’ಕ್ಕೆ ಅರವಿಂದ್ ಕಶ್ಯಪ್, ‘ಕೆಜಿಎಫ್’ಗೆ ಭುವನ್ ಗೌಡ ಕ್ಯಾಮೆರಾ ಹಿಡಿದವರು. ಇಬ್ಬರೂ ಕತ್ತಲನ್ನು ಧಾರಾಳವಾಗಿ ಬಳಸಿದ್ದಾರೆ. ಅಂಥ ಒಂದು ದೃಶ್ಯ ನಿಲ್ಲಿಸಿ, ‘ಬ್ಲ್ಯಾಕ್ ಲೆವೆಲ್’ (ಕೆಲವು ಟಿವಿಗಳಲ್ಲಿ ಇದಕ್ಕೇ ‘ಬ್ರೈಟ್‌ನೆಸ್’ ಎನ್ನುತ್ತಾರೆ) ನಿಧಾನ ಇಳಿಸಿ. ಮೇಲೆ-ಕೆಳಗಿನ ಕಪ್ಪು ಪಟ್ಟಿ ಕಪ್ಪಾಗಿಯೇ ಇದ್ದು, ನೆರಳಲ್ಲಿರುವ ಕೂದಲು, ಬಟ್ಟೆಯ ಮಡಿಕೆ ಸ್ವಲ್ಪ ಕಾಣುವಲ್ಲಿ ನಿಲ್ಲಿಸಿ. ‘ಎನರ್ಜಿ ಸೇವಿಂಗ್’ ಆನ್ ಇದ್ದರೆ ಟಿವಿ ತಾನಾಗಿಯೇ ಬೆಳಕು ಏರಿಳಿಸುತ್ತದೆ, ಸಿನಿಮಾ ಹೊತ್ತಿಗೆ ಅದೂ ಆಫ್ ಇರಲಿ.

ಇಷ್ಟು ಮಾಡಿದರೂ ಕಡಿಮೆ ಬೆಲೆಯ ಎಲ್‌ಇಡಿ ಟಿವಿ ಒಎಲ್‌ಇಡಿ ಆಗುವುದಿಲ್ಲ. ಎಲ್‌ಇಡಿಯಲ್ಲಿ ಪರದೆಯ ಹಿಂದೆ ದೀಪ ಉರಿಯುತ್ತಲೇ ಇರುತ್ತದೆ, ಒಎಲ್‌ಇಡಿಯಲ್ಲಿ ಒಂದೊಂದು ಚುಕ್ಕಿಯೂ ತಾನೇ ಆರಬಲ್ಲದು. ಆದರೆ ಒಂದು ಉಪಾಯ ಇದೆ: ರೂಮಿನ ಟ್ಯೂಬ್‌ಲೈಟ್ ಆರಿಸಿ, ಟಿವಿಯ ಹಿಂದಿನ ಗೋಡೆಗೆ ಬೀಳುವಂತೆ ಸಣ್ಣ ಬಿಳಿ ದೀಪ ಇಡಿ. ಕಪ್ಪು ಇನ್ನಷ್ಟು ಕಪ್ಪಾಗಿ ಕಾಣುತ್ತದೆ, ಕಣ್ಣಿಗೂ ಹಿತ.

ಮೂಲವೇ ಸರಿ ಇಲ್ಲದಿದ್ದರೆ ಸೆಟ್ಟಿಂಗ್ ಏನು ಮಾಡೀತು? 4ಕೆಗೆ 15 ಎಂಬಿಪಿಎಸ್ ವೇಗ ಬೇಕು ಎನ್ನುತ್ತದೆ ನೆಟ್‌ಫ್ಲಿಕ್ಸ್, ಜೊತೆಗೆ ಪ್ರೀಮಿಯಂ ಪ್ಲಾನೂ ಇರಬೇಕು. ಫ್ಲಾಟಿನಲ್ಲಿ ಎಂಟು ಜನ ಒಂದೇ ವೈಫೈಯಲ್ಲಿ ಊರಿಗೆ ವಿಡಿಯೋ ಕಾಲ್ ಮಾಡುವ ಹೊತ್ತಿಗೆ ಅದು ಸಿಗುವುದು ಕಷ್ಟ. ರೌಟರ್ ಹತ್ತಿರ ಇದ್ದರೆ ಟಿವಿಗೆ ಲ್ಯಾನ್ ಕೇಬಲ್ ಎಳೆಯಿರಿ. ಟೆಲಿಗ್ರಾಮಿನಲ್ಲಿ ಬಂದ ಥಿಯೇಟರ್ ಪ್ರಿಂಟ್ ಅನ್ನು ಯಾವ ಟಿವಿಯೂ ಚೆಂದ ಮಾಡಲಾರದು, ಕಾನೂನಿನ ತಂಟೆ ಬೇರೆ. ಬಾಕ್ಸ್ ಜೋಡಿಸುವವರು ಚಿನ್ನದ ಲೇಪದ ದುಬಾರಿ ಎಚ್‌ಡಿಎಂಐ ಕೇಬಲ್‌ಗೆ ಮರುಳಾಗಬೇಡಿ. ‘ಪ್ರೀಮಿಯಂ ಹೈ ಸ್ಪೀಡ್’ ಲೇಬಲ್ ಇದ್ದರೆ 4ಕೆ ಸಿನಿಮಾಕ್ಕೆ ಸಾಕು.

55 ಇಂಚಿಗೆ ಸುಮಾರು 7 ಅಡಿ ದೂರ ಕೂತರೆ ಚೆನ್ನ. ಚಿಕ್ಕ ರೂಮಿಗೆ 75 ಇಂಚು ತಂದು ಗೋಡೆ ತುಂಬಿಸುವ ಅಗತ್ಯ ಇಲ್ಲ.

ಕೆಲವರು ಇದ್ಯಾವುದನ್ನೂ ನೋಡದೆ ‘ಇದನ್ನು ಊರಿಗೆ ಒಯ್ಯುವ, ಇಲ್ಲಿಗೆ ಹೊಸದು ತಗೊಳ್ಳುವ’ ಎಂದು ಹೊರಡುತ್ತಾರೆ. 2013ರ ಆಗಸ್ಟ್ 26ರಿಂದ ಫ್ಲಾಟ್ ಟಿವಿಗೆ ಭಾರತದಲ್ಲಿ ಸುಂಕರಹಿತ ಬ್ಯಾಗೇಜ್ ಸೌಲಭ್ಯ ಇಲ್ಲ, ರಜೆಗೆ ಹೋಗುವವರು ಮಂಗಳೂರಿನಲ್ಲಿ ಇಳಿದರೂ ಬೆಂಗಳೂರಿನಲ್ಲಿ ಇಳಿದರೂ ಕಸ್ಟಮ್ಸ್ ಕಟ್ಟಬೇಕು. ಕಾಯಂ ಆಗಿ ಮರಳುವವರ ಲೆಕ್ಕ ಬೇರೆ. ಇಲ್ಲಿನ ವಾರಂಟಿ ಅಲ್ಲಿ ನಡೆಯುತ್ತದೆಯೇ ಎಂದು ಬಿಲ್ ಹಿಡಿದು ಅಂಗಡಿಯಲ್ಲೇ ಕೇಳಿ. ಕರೆಂಟಿನ ತೊಂದರೆ ಇಲ್ಲ, ಎರಡೂ ಕಡೆ 230 ವೋಲ್ಟ್, 50 ಹರ್ಟ್ಸ್. ಪ್ಲಗ್ ಮಾತ್ರ ಬದಲಿಸಬೇಕು.