ಹರಿಯದ ನೀರು

ಪಟ್ಟಣದ ಮನೆಗೆ ನೀರು ಬರುವ ದಾರಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದು ಹೊರಹೋಗುವ ದಾರಿಯನ್ನು ಯಾರೂ ಗಮನಿಸುವುದಿಲ್ಲ. ನಲ್ಲಿಯಲ್ಲಿ ಒಂದು ದಿನ ನೀರು ಬಾರದಿದ್ದರೆ ಬೀದಿಯೆಲ್ಲ ಅದೇ ಮಾತು. ಬಳಸಿದ ನೀರು ಬಚ್ಚಲಲ್ಲಿಯೇ ನಿಂತಾಗ ಮಾತ್ರ ಮನೆಯವರಿಗೆ ಆ ಇನ್ನೊಂದು ದಾರಿಯ ನೆನಪಾಗುತ್ತದೆ. ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯ ನೀರು 1974ರಲ್ಲಿ ಮೊದಲ ಬಾರಿಗೆ ಬೆಂಗಳೂರಿಗೆ ಏರಿ ಬಂದಿತು. ಹೀಗೆ ಏರಿ ಬಂದ ನೀರು ಮತ್ತೆ ಇಳಿದುಹೋಗಲೇಬೇಕು. ಇಳಿಯುವ ದಾರಿಯಲ್ಲಿ ತಡೆಯುಂಟಾದಾಗ ಏನು ಮಾಡಬೇಕು, ಏನನ್ನು ಎಂದೆಂದಿಗೂ ಮಾಡಬಾರದು ಎಂಬುದನ್ನು ಅರಿತಿರುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಮೈಸೂರು ರಸ್ತೆಯ ಪಕ್ಕದಲ್ಲಿ ರಾಜರಾಜೇಶ್ವರಿನಗರವಿದೆ. ಇಲ್ಲಿಯ ನೆಲ ಏರುತಗ್ಗಿನದು. ಎಷ್ಟೋ ಕಡೆ ಕೆಂಪುಮಣ್ಣಿನ ಹೊದಿಕೆಯ ಕೆಳಗೆ ಗಟ್ಟಿಯಾದ ಬಂಡೆ ಸಿಗುತ್ತದೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಸೇರುವವರೆಗೆ ಇದಕ್ಕೆ ತನ್ನದೇ ಆದ ನಗರಸಭೆಯಿತ್ತು. ನಗರದ ಅಂಚಿನಲ್ಲಿ ಬೆಳೆದ ಇಂಥ ಪ್ರದೇಶಗಳಲ್ಲಿ ಮನೆಗಳು ಮೊದಲು ಬರುತ್ತವೆ, ಒಳಚರಂಡಿ ಆಮೇಲೆ ಬರುತ್ತದೆ. ಆದುದರಿಂದ ಮನೆ ಕಟ್ಟಿದವರು ಹಿತ್ತಲಿನಲ್ಲಿಯೋ ಮನೆಯ ಮುಂದಿನ ಅಂಗಳದ ಅಡಿಯಲ್ಲಿಯೋ ಸೆಪ್ಟಿಕ್ ಟ್ಯಾಂಕನ್ನೂ ಅದರ ಪಕ್ಕದಲ್ಲಿ ಒಂದು ಇಂಗುಗುಂಡಿಯನ್ನೂ ಕಟ್ಟಿಸುವುದು ವಾಡಿಕೆಯಾಯಿತು.

ಸೆಪ್ಟಿಕ್ ಟ್ಯಾಂಕಿನ ಕಲ್ಪನೆ ಹುಟ್ಟಿದ್ದು ಫ್ರಾನ್ಸ್ ದೇಶದಲ್ಲಿ. ಅಲ್ಲಿನ ಜಾನ್ ಲೂಯಿ ಮೂರಾ ಎಂಬಾತನು 1860ರ ಸುಮಾರಿಗೆ ಮನೆಯ ಕೊಳಚೆಯನ್ನೆಲ್ಲ ಒಂದು ಮುಚ್ಚಿದ ತೊಟ್ಟಿಗೆ ಹರಿಯಬಿಟ್ಟನು. ಕೆಲವು ವರ್ಷಗಳ ಮೇಲೆ ಅದನ್ನು ತೆರೆದು ನೋಡಿದಾಗ ಘನಪದಾರ್ಥ ಬಹುಮಟ್ಟಿಗೆ ಕರಗಿಹೋಗಿತ್ತು. ಗಾಳಿಯಿಲ್ಲದ ಕತ್ತಲೆಯಲ್ಲಿ ಬದುಕುವ ಸೂಕ್ಷ್ಮಜೀವಿಗಳು ಅದನ್ನು ಜೀರ್ಣಿಸಿದ್ದವು. ಇಂಗ್ಲೆಂಡಿನ ಎಕ್ಸಿಟರ್ ಪಟ್ಟಣದ ಡೊನಾಲ್ಡ್ ಕ್ಯಾಮರನ್ ಎಂಬ ಎಂಜಿನಿಯರು ಈ ವಿಧಾನವನ್ನು ಬೆಳೆಸಿ, 1890ರ ದಶಕದಲ್ಲಿ ಅದಕ್ಕೆ ಸೆಪ್ಟಿಕ್ ಟ್ಯಾಂಕ್ ಎಂಬ ಹೆಸರನ್ನು ಕೊಟ್ಟನು.

ಈ ತೊಟ್ಟಿಯ ಕೆಲಸ ಬಹಳ ಸರಳವಾದುದು. ಮನೆಯಿಂದ ಬಂದ ಕೊಳಚೆ ಅದರಲ್ಲಿ ಒಂದೆರಡು ದಿನ ಅಲುಗಾಡದೆ ನಿಲ್ಲುತ್ತದೆ. ಭಾರವಾದುದು ಹೂಳಾಗಿ ತಳಕ್ಕೆ ಇಳಿಯುತ್ತದೆ. ಎಣ್ಣೆ, ಜಿಡ್ಡು, ಸಾಬೂನಿನ ನೊರೆ ಮೇಲಕ್ಕೆ ತೇಲಿ, ಕಾದ ಹಾಲಿನ ಮೇಲೆ ಕೆನೆ ಕಟ್ಟುವಂತೆ ಕಟ್ಟಿಕೊಳ್ಳುತ್ತವೆ. ನಡುವಿನ ತಿಳಿನೀರು ಮಾತ್ರ ಹೊರಗೊಳವೆಯ ಮೂಲಕ ಇಂಗುಗುಂಡಿಗೆ ಹೋಗಿ ಮಣ್ಣಿನಲ್ಲಿ ಇಂಗುತ್ತದೆ. ಭಾರತೀಯ ಮಾನಕ ಸಂಸ್ಥೆಯ ನಿಯಮದ ಪ್ರಕಾರ ತೊಟ್ಟಿಯಲ್ಲಿ ಕನಿಷ್ಠ 1,000 ಲೀಟರು ನೀರು ನಿಲ್ಲಬೇಕು. ನೀರಿನ ಆಳ 1 ಮೀಟರಿಗೆ ಕಡಮೆಯಾಗಬಾರದು. ಹೊರಗೊಳವೆಯು ಒಳಗೊಳವೆಗಿಂತ ಸುಮಾರು 5 ಸೆಂಟಿಮೀಟರು ತಗ್ಗಿನಲ್ಲಿರಬೇಕು. ಕೆಟ್ಟ ಅನಿಲ ಹೊರಹೋಗಲು ಎತ್ತರವಾದ ಒಂದು ಗಾಳಿಕೊಳವೆಯೂ ಇರಬೇಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡುವುದು ಅಗತ್ಯ. ಮುಚ್ಚಳ ತೆಗೆದು ನೋಡಿ, “ಟ್ಯಾಂಕು ತುಂಬಿಹೋಗಿದೆ” ಎಂದು ಗಾಬರಿಪಡುವವರು ಬಹಳ. ಸೆಪ್ಟಿಕ್ ಟ್ಯಾಂಕು ಯಾವಾಗಲೂ ತುಂಬಿಯೇ ಇರುತ್ತದೆ. ತುಂಬಿರುವುದೇ ಅದರ ಸಹಜಸ್ಥಿತಿ. ಒಂದು ಚೊಂಬು ನೀರು ಒಳಗೆ ಬಂದರೆ ಒಂದು ಚೊಂಬು ನೀರು ಹೊರಗೆ ಹೋಗುತ್ತದೆ. ಆದುದರಿಂದ ವಿಚಾರಿಸಬೇಕಾದುದು ತೊಟ್ಟಿ ತುಂಬಿದೆಯೇ ಎಂಬುದನ್ನಲ್ಲ; ಅದರ ನೀರು ಹೊರಗೊಳವೆಯ ಮಟ್ಟದಲ್ಲಿದೆಯೇ, ಅದಕ್ಕಿಂತ ಮೇಲಿದೆಯೇ ಎಂಬುದನ್ನು. ಈ ಒಂದು ಭೇದವನ್ನು ತಿಳಿಯದೆ ಜನರು ವ್ಯರ್ಥವಾಗಿ ಹಣವನ್ನು ಕಳೆದುಕೊಳ್ಳುತ್ತಾರೆ.

ಹಾಗಾದರೆ ನೀರು ನಿಧಾನವಾಗಿ ಇಳಿಯತೊಡಗಿದಾಗ ದೋಷವನ್ನು ಪತ್ತೆಹಚ್ಚುವ ಕ್ರಮವೇನು? ಅನುಭವಿಯಾದ ವೈದ್ಯನು ಮೊದಲು ನಾಡಿ ನೋಡಿ, ಆಮೇಲೆ ಔಷಧಿಯ ಮಾತೆತ್ತುತ್ತಾನೆ. ಇಲ್ಲಿಯೂ ಹಾಗೆಯೇ ಮನೆಯಿಂದ ಹೊರಟು ನೀರು ಹರಿಯುವ ದಾರಿಯಲ್ಲಿಯೇ ಒಂದೊಂದು ಹೆಜ್ಜೆ ಮುಂದೆ ಸಾಗಬೇಕು.

ಮೊದಲು ನೋಡಬೇಕಾದುದು, ನೀರು ನಿಲ್ಲುವುದು ಒಂದೇ ಕಡೆಯೋ ಎಲ್ಲ ಕಡೆಯೋ ಎಂಬುದನ್ನು. ಅಡುಗೆಮನೆಯ ತೊಟ್ಟಿಯಲ್ಲಿ ಮಾತ್ರ ನೀರು ನಿಂತು, ಬಚ್ಚಲಿನ ನೀರು ಸರಾಗವಾಗಿ ಹರಿಯುತ್ತಿದ್ದರೆ ಸೆಪ್ಟಿಕ್ ಟ್ಯಾಂಕು ನಿರಪರಾಧಿ. ಆ ಒಂದು ಕೊಳವೆಯ ಬಾಗಿನಲ್ಲಿ ಜಿಡ್ಡೋ ಅನ್ನದ ಅಗುಳೋ ಸಿಕ್ಕಿಕೊಂಡಿರುತ್ತದೆ. ಎಲ್ಲ ಕಡೆಯೂ ನೀರು ನಿಂತರೆ ದೋಷ ಮುಂದಿದೆ.

ಎರಡನೆಯದಾಗಿ, ಮನೆಗೂ ಟ್ಯಾಂಕಿಗೂ ನಡುವೆ ಇರುವ ಚೇಂಬರಿನ ಮುಚ್ಚಳವನ್ನು ತೆರೆದು, ಅದರ ಮೇಲೆ ಬಗ್ಗದೆ, ದೂರ ನಿಂತು ನೋಡಬೇಕು. ಬಚ್ಚಲಲ್ಲಿ ನೀರು ನಿಂತಿದ್ದು ಚೇಂಬರು ಬರಿದಾಗಿದ್ದರೆ ಕಟ್ಟಿರುವುದು ಮನೆಯ ಕೊಳವೆ. ಉದ್ದವಾದ ಬಿದಿರಿನ ದಬ್ಬೆಯಿಂದಲೋ ಉಕ್ಕಿನ ಸುರುಳಿಯಿಂದಲೋ ಅದನ್ನು ಬಿಡಿಸಬಹುದು. ಆ ಕೊಳವೆಗೆ ಸಾಕಷ್ಟು ಇಳಿಜಾರು ಇಲ್ಲದಿದ್ದರೆ ಮಾತ್ರ ತೊಂದರೆ ಮರುಕಳಿಸುತ್ತದೆ. 100 ಮಿಲಿಮೀಟರು ವ್ಯಾಸದ ಕೊಳವೆ ಪ್ರತಿ 40 ಅಡಿಗೆ ಸುಮಾರು 1 ಅಡಿಯಷ್ಟು ಇಳಿಯಬೇಕೆಂಬುದು ಕೆಲಸಗಾರರು ಅನುಸರಿಸುವ ಲೆಕ್ಕ.

ಮೂರನೆಯದು ಕಿವಿಯಿಂದ ತಿಳಿಯಬೇಕಾದ ಲಕ್ಷಣ. ನೀರು ಸುರಿದಾಗ ಗುಳುಗುಳು ಸದ್ದು ಕೇಳಿ, ಮನೆಯೊಳಗೆ ದುರ್ವಾಸನೆ ಬಂದರೆ ಗಾಳಿಕೊಳವೆಯನ್ನು ಪರೀಕ್ಷಿಸಬೇಕು. ಬಾಯಿ ಕಟ್ಟಿದ ಸೀಸೆಯಿಂದ ನೀರು ಸಲೀಸಾಗಿ ಸುರಿಯದು. ಗಾಳಿ ಒಳಗೆ ಬರದೆ ನೀರು ಹೊರಗೆ ಹೋಗದು. ಹಕ್ಕಿಯ ಗೂಡು, ಒಣಗಿದ ಎಲೆ, ಜೇಡರ ಬಲೆ ಇಂಥ ಕ್ಷುಲ್ಲಕ ವಸ್ತುಗಳು ಆ ಕೊಳವೆಯ ಬಾಯಿಯನ್ನು ಮುಚ್ಚಿರುವುದುಂಟು.

ಇವೆಲ್ಲ ಸರಿಯಾಗಿದ್ದು ಚೇಂಬರಿನಲ್ಲಿಯೂ ನೀರು ನಿಂತಿದ್ದರೆ ಟ್ಯಾಂಕಿನ ನೀರಿನ ಮಟ್ಟವೇ ಮುಂದಿನ ಸಾಕ್ಷಿ. ಮಟ್ಟ ಸಹಜವಾಗಿದ್ದರೆ ಒಳಗೊಳವೆಯ ಬಾಯಿಗೆ ಕೆನೆ ಗಟ್ಟಿಯಾಗಿ ಕಟ್ಟಿಕೊಂಡಿದೆ ಎಂದರ್ಥ. ಮಟ್ಟ ಹೊರಗೊಳವೆಗಿಂತ ಮೇಲೇರಿದ್ದರೆ ಕೊನೆಯದಾಗಿ ಇಂಗುಗುಂಡಿಯನ್ನು ನೋಡಬೇಕು. ಗುಂಡಿಯಲ್ಲಿ ಜಾಗವಿದ್ದರೆ ನಡುವಿನ ಕೊಳವೆ ಕಟ್ಟಿದೆ. ಗುಂಡಿಯೂ ತುಂಬಿದ್ದರೆ ಮಣ್ಣು ನೀರು ಕುಡಿಯುವುದನ್ನು ನಿಲ್ಲಿಸಿದೆ.

ಮಣ್ಣು ನೀರು ಕುಡಿಯದಿರಲು ಎರಡು ಕಾರಣಗಳುಂಟು. ಮಳೆಗಾಲದಲ್ಲಿ ಮಾತ್ರ ತೊಂದರೆ ಕಾಣಿಸಿಕೊಂಡರೆ ಸುತ್ತಲಿನ ನೆಲವೇ ನೀರುಂಡು ತಣಿದಿದೆ. ಬಂಡೆಯ ಮೇಲೆ ತೆಳುವಾದ ಮಣ್ಣಿರುವ ನೆಲದಲ್ಲಿ ಇದು ಬೇಗನೆ ಆಗುತ್ತದೆ. ಮಾಳಿಗೆಯ ಮಳೆನೀರನ್ನು ಟ್ಯಾಂಕಿಗೆ ಬಿಟ್ಟಿದ್ದರಂತೂ ಹೂಳು ಕದಡಿ ಗುಂಡಿಗೆ ನುಗ್ಗುತ್ತದೆ. ಬೇಸಗೆಯಲ್ಲಿಯೂ ನೀರು ಇಂಗದಿದ್ದರೆ, ಟ್ಯಾಂಕಿನಿಂದ ಬಹುಕಾಲ ಹರಿದುಬಂದ ಹೂಳು ಗುಂಡಿಯ ಗೋಡೆಗೆ ಕಪ್ಪಾದ ಲೋಳೆಯಾಗಿ ಅಂಟಿ, ಮಣ್ಣಿನ ರಂಧ್ರಗಳನ್ನೆಲ್ಲ ಮುಚ್ಚಿರುತ್ತದೆ.

ಇಂಥ ಸಂದರ್ಭದಲ್ಲಿ ಸಕ್ಕಿಂಗ್ ಲಾರಿಯನ್ನು ಕರೆಸಿ ಟ್ಯಾಂಕನ್ನು ಬರಿದುಮಾಡಿಸಿದರೆ ಆಗುವ ಪ್ರಯೋಜನವೆಷ್ಟು? ಒಬ್ಬೊಬ್ಬರು ದಿನಕ್ಕೆ 135 ಲೀಟರು ನೀರನ್ನು ಬಳಸುತ್ತಾರೆಂದು ಲೆಕ್ಕ ಹಿಡಿದರೆ ಐದು ಜನರ ಸಂಸಾರಕ್ಕೆ 675 ಲೀಟರಾಯಿತು. ಅದೆಲ್ಲವೂ ಟ್ಯಾಂಕಿಗೇ ಬೀಳುವುದಾದರೆ 2,000 ಲೀಟರಿನ ಟ್ಯಾಂಕು ಮೂರು ದಿನಕ್ಕೆ ಮತ್ತೆ ತುಂಬುತ್ತದೆ. ನಾಲ್ಕನೆಯ ದಿನ ಹಳೆಯ ಗೋಳೇ. ರೋಗ ಗುಂಡಿಯಲ್ಲಿರುವಾಗ ಟ್ಯಾಂಕಿಗೆ ಚಿಕಿತ್ಸೆ ಮಾಡಿ ಫಲವಿಲ್ಲ. ಜಾಗವಿದ್ದರೆ ಇನ್ನೊಂದು ಇಂಗುಗುಂಡಿಯನ್ನು ತೋಡಿಸಿ ಹಳೆಯದಕ್ಕೆ ವಿಶ್ರಾಂತಿ ಕೊಡಬೇಕು. ಬಾವಿಯಿದ್ದರೆ ಅದರಿಂದ ಕನಿಷ್ಠ 18 ಮೀಟರು ದೂರವಿರಬೇಕು. ಬೀದಿಗೆ ಒಳಚರಂಡಿ ಬಂದಿದ್ದರೆ ಅದಕ್ಕೆ ಸಂಪರ್ಕ ಪಡೆಯುವುದೇ ಶಾಶ್ವತವಾದ ಪರಿಹಾರ.

ಹೂಳನ್ನು ತೆಗೆಸುವುದಕ್ಕೂ ಒಂದು ಕಾಲವಿದೆ. ಉದ್ದನೆಯ ಕೋಲಿಗೆ ಬಿಳಿಯ ಬಟ್ಟೆಯನ್ನು ಸುತ್ತಿ, ಹೊರಗಿನಿಂದಲೇ ಟ್ಯಾಂಕಿನ ತಳಕ್ಕೆ ಮುಟ್ಟಿಸಿ ನಿಧಾನವಾಗಿ ಎತ್ತಿದರೆ, ಬಟ್ಟೆಯ ಮೇಲಿನ ಕಪ್ಪು ಗುರುತು ಹೂಳಿನ ಎತ್ತರವನ್ನು ತಿಳಿಸುತ್ತದೆ. ಈ ಅಳತೆಯನ್ನು ಕೆಲಸ ಬಲ್ಲವರಿಂದಲೇ ಮಾಡಿಸಬೇಕು. ಹೂಳೂ ಕೆನೆಯೂ ಸೇರಿ ಟ್ಯಾಂಕಿನ ಅರ್ಧ ಆಳವನ್ನು ಆಕ್ರಮಿಸುವ ಮೊದಲೇ ಅವನ್ನು ಯಂತ್ರದಿಂದ ಹೀರಿಸಬೇಕು. ಚಿಕ್ಕ ಟ್ಯಾಂಕಿಗೆ ಎರಡು ವರ್ಷಕ್ಕೊಮ್ಮೆಯಾದರೂ ಇದು ನಡೆಯಬೇಕು. ಇದನ್ನು ಮರೆತುದರಿಂದಲೇ ಇಂಗುಗುಂಡಿ ಹಾಳಾಗುತ್ತದೆ.

ಇಷ್ಟೆಲ್ಲವನ್ನೂ ಕಣ್ಣು, ಕಿವಿ, ಒಂದು ಕೋಲು ಇವುಗಳ ನೆರವಿನಿಂದ ನೆಲದ ಮೇಲೆ ನಿಂತೇ ತಿಳಿಯಬಹುದು. ಟ್ಯಾಂಕಿನೊಳಗೆ ಮನುಷ್ಯನನ್ನು ಇಳಿಸುವ ಪ್ರಮೇಯವೇ ಇಲ್ಲ. ಆದರೂ ಇಳಿಸುತ್ತಾರೆ, ಇಳಿದವರು ಸಾಯುತ್ತಾರೆ. ಹೂಳಿನಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಅಡಗಿರುತ್ತದೆ. ಅಲ್ಪಪ್ರಮಾಣದಲ್ಲಿ ಅದು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಪ್ರಮಾಣ ಹೆಚ್ಚಿದಾಗ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ನಿಂತಿತು, ಅಪಾಯ ಕಳೆಯಿತು ಎಂದುಕೊಂಡ ಕ್ಷಣವೇ ಕೊನೆಯ ಕ್ಷಣವಾಗಬಹುದು. ಹೂಳನ್ನು ಕದಡಿದೊಡನೆ ಅನಿಲ ಒಮ್ಮೆಗೇ ಹೊರನುಗ್ಗುತ್ತದೆ. ಅಲ್ಲಿ ಪ್ರಾಣವಾಯು ಸಾಲದು. ಉರಿಯುವ ಗುಣದ ಮೀಥೇನ್ ಇರುವುದರಿಂದ ದೀಪವನ್ನು ಇಳಿಸಿ ನೋಡುವುದೂ ಅಪಾಯ. ಮೊದಲನೆಯವನು ಕುಸಿದಾಗ ಅವನನ್ನು ಎತ್ತಲು ಎರಡನೆಯವನು ಇಳಿಯುತ್ತಾನೆ, ಅವನಿಗಾಗಿ ಮೂರನೆಯವನು ಇಳಿಯುತ್ತಾನೆ. ಒಂದೇ ಟ್ಯಾಂಕು ಹೀಗೆ ಅನೇಕರನ್ನು ನುಂಗಿದ ದುರಂತಗಳು ಮತ್ತೆ ಮತ್ತೆ ನಡೆದಿವೆ. ಯಾರಾದರೂ ಒಳಗೆ ಬಿದ್ದರೆ ತಾವೂ ಇಳಿಯದೆ ಕೂಡಲೇ ಅಗ್ನಿಶಾಮಕ ದಳವನ್ನು ಕರೆಯಬೇಕು.

ಹೀಗೆ ಸಾಯುವವರು ಯಾರು? ಸಮಾಜ ತಾನು ಮುಟ್ಟಲೊಲ್ಲದ ಕೆಲಸವನ್ನು ತಲೆತಲಾಂತರದಿಂದ ಯಾರ ಮೇಲೆ ಹೊರಿಸಿತೋ ಅವರೇ. 1970ರ ದಶಕದಲ್ಲಿ ಕರ್ನಾಟಕದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿ ದೇಶಕ್ಕೆ ಮೇಲ್ಪಂಕ್ತಿಯಾದರು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಈ ಅನಿಷ್ಟದ ವಿರುದ್ಧ ರಾಷ್ಟ್ರವ್ಯಾಪಿ ಚಳವಳಿಯನ್ನು ಕಟ್ಟಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ದೊರಕಿತು. 2013ರ ಕಾಯಿದೆಯು ರಕ್ಷಣೆಯಿಲ್ಲದೆ ಮನುಷ್ಯನನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು ಅಪರಾಧವೆಂದು ಸಾರಿ, ಮೊದಲ ಸಲದ ತಪ್ಪಿಗೇ ಎರಡು ವರ್ಷದವರೆಗಿನ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿಯವರೆಗಿನ ದಂಡ, ಇಲ್ಲವೇ ಎರಡನ್ನೂ ವಿಧಿಸಿದೆ. ಇಂಥ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಆಜ್ಞಾಪಿಸಿತು. ಆದರೆ ಹೋದ ಜೀವವನ್ನು ಯಾವ ಪರಿಹಾರವೂ ಮರಳಿಸಲಾರದು.

ಹೀರಿ ತೆಗೆದ ಹೂಳು ಎಲ್ಲಿಗೆ ಹೋಗುತ್ತದೆಂಬುದನ್ನೂ ಕೇಳಿ ತಿಳಿಯಬೇಕು. 2015ರಲ್ಲಿ ದೇವನಹಳ್ಳಿಯಲ್ಲಿ ಇಂಥ ಹೂಳನ್ನು ಸಂಸ್ಕರಿಸುವ ಘಟಕವೊಂದು ಆರಂಭವಾಯಿತು. ದೇಶದ ಮೊದಲ ಘಟಕಗಳಲ್ಲಿ ಅದೂ ಒಂದು. ಹಾಗೆ ಸಂಸ್ಕರಿಸದೆ ರಾಜಕಾಲುವೆಗೆ ಸುರಿದರೆ ರಾಜರಾಜೇಶ್ವರಿನಗರದ ಕೊಳಚೆ ತಗ್ಗಿನಲ್ಲಿರುವ ವೃಷಭಾವತಿಯನ್ನು ಸೇರುತ್ತದೆ. ವೃಷಭಾವತಿ ಬೈರಮಂಗಲದ ಕೆರೆಯನ್ನು ಹಾದು ಅರ್ಕಾವತಿಯನ್ನು ಕೂಡುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಕಾವೇರಿಯಿಂದ ಬಂದ ನೀರು ಕಾವೇರಿಗೇ ಮರಳುವ ದಾರಿಯಿದು. ಅದು ಯಾವ ರೂಪದಲ್ಲಿ ಮರಳಬೇಕೆಂಬುದು ಪ್ರತಿಯೊಂದು ಮನೆಯ ಬಚ್ಚಲಿನಲ್ಲಿಯೇ ನಿರ್ಧಾರವಾಗುತ್ತದೆ.

ಬಟ್ಟೆ, ಪ್ಲಾಸ್ಟಿಕ್, ಅಡುಗೆಯ ಜಿಡ್ಡು ಇವುಗಳನ್ನು ಕೊಳವೆಗೆ ಹಾಕದಿರುವುದು, ಆಮ್ಲ ಮತ್ತು ಫಿನಾಯಿಲುಗಳನ್ನು ಬೇಕಾಬಿಟ್ಟಿ ಸುರಿದು ಒಳಗಿನ ಸೂಕ್ಷ್ಮಜೀವಿಗಳನ್ನು ಕೊಲ್ಲದಿರುವುದು, ಕಾಲಕಾಲಕ್ಕೆ ಹೂಳನ್ನು ಯಂತ್ರದಿಂದ ತೆಗೆಸುವುದು, ಇವು ಕಷ್ಟದ ಕೆಲಸಗಳಲ್ಲ. ನಾಗರಿಕತೆಯ ಅಳತೆಗೋಲು ಮನೆಯ ಮುಂಬಾಗಿಲಿನ ಅಂದವಲ್ಲ. ಆ ಮನೆಯ ಕೊಳೆ ಯಾರ ಪ್ರಾಣವನ್ನೂ ಕೇಳದೆ, ಯಾವ ನದಿಯನ್ನೂ ಕೆಡಿಸದೆ ಮಣ್ಣಿಗೆ ಮರಳುತ್ತದೆಯೇ ಎಂಬುದೇ ಅದರ ನಿಜವಾದ ಅಳತೆ.