ಬಟ್ಟಲು ಬದಲಾದರೆ ಸ್ವರವೂ ಬದಲಾದೀತೆ?

ಟ್ರಂಪೆಟ್ಟಿನ ಕೊಳವೆಯ ಉದ್ದ ಸುಮಾರು 1.4 ಮೀಟರು. ಊದುವ ತುದಿಗೆ ಸಿಕ್ಕಿಸುವ ಪುಟ್ಟ ಲೋಹದ ಬಟ್ಟಲು ತುಟಿಗಳಿಗೆ ಆಸರೆಯೇ ಹೊರತು ಮತ್ತೇನೂ ಅಲ್ಲವೆಂದು ನಾನು ಬಗೆದಿದ್ದೆ. ಒಮ್ಮೆ ಅದನ್ನು ತೆಗೆದು, ಆಲಿಕೆಯಂತೆ ಆಳವಾದ ಬೇರೊಂದನ್ನು ಸಿಕ್ಕಿಸಿ ಊದಿದೆ. ನಾದವೇನೋ ಮೃದುವಾಯಿತು, ಆದರೆ ಮೇಲಿನ ಸ್ವರಗಳು ಶ್ರುತಿ ತಪ್ಪಿ ಕೆಳಗಿಳಿದವು. ಕೊಳವೆಯ ಜಾರುಭಾಗವನ್ನು ಒಳಕ್ಕೆ ತಳ್ಳಿ ಉದ್ದವನ್ನು ಕುಗ್ಗಿಸಿದೆ. ಮೇಲಿನವು ಸರಿಹೋಗುವಷ್ಟರಲ್ಲಿ ಕೆಳಗಿನವು ಏರಿಬಿಟ್ಟವು!

ತುಟಿಯೊತ್ತಿದ ತುದಿ ಮುಚ್ಚಿದ ತುದಿಯೇ ಸರಿ. ಒಂದು ತುದಿ ಮುಚ್ಚಿದ ಬರಿಯ ಕೊಳವೆಯ ಅನುನಾದಗಳು 1, 3, 5, 7ರ ಪ್ರಮಾಣದಲ್ಲಿರುತ್ತವೆ. ಕಹಳೆಗೆ ಅವು ಒದಗವು. ಗಂಟೆಯಂತೆ ಅರಳಿದ ಕೊನೆಯು ಕೆಳಗಿನ ಅನುನಾದಗಳನ್ನು ಮೇಲೆತ್ತುತ್ತದೆ, ಬಟ್ಟಲು ಮೇಲಿನವನ್ನು ಕೆಳಗೆಳೆಯುತ್ತದೆ. ಹೀಗೆ, ಅತಿ ಕೆಳಗಿನ ಒಂದನ್ನುಳಿದು, ಮಿಕ್ಕವು ಸುಮಾರಾಗಿ 2, 3, 4, 5ರ ಪ್ರಮಾಣಕ್ಕೆ ಬರುತ್ತವೆ.

ಬಟ್ಟಲೊಳಗಿನ ಗಾಳಿ ಸ್ಪ್ರಿಂಗಿನಂತೆ. ಅದರಡಿಯ ಕಿರುಗಂಡಿಯ ಗಾಳಿ ಆ ಸ್ಪ್ರಿಂಗಿಗೆ ತೂಗುಹಾಕಿದ ಭಾರದಂತೆ. ಈ ಜೋಡಿಗೂ ಒಂದು ಸ್ವಂತ ಕಂಪನವುಂಟು. ಬಟ್ಟಲಿನ ಅಗಲಬಾಯಿಯನ್ನು ಅಂಗೈಗೆ ಬಡಿದಾಗ ‘ಪಟ್’ ಎಂದು ಕೇಳುವುದು ಅದೇ. ಸಾಮಾನ್ಯ ಟ್ರಂಪೆಟ್ಟಿನದು ಸೆಕೆಂಡಿಗೆ ಸುಮಾರು 850. ನುಡಿಸುವ ಸ್ವರವು ಇದನ್ನು ಸಮೀಪಿಸಿದಂತೆಲ್ಲ ಬಟ್ಟಲು ಕೊಳವೆಗೆ ಹೆಚ್ಚು ಹೆಚ್ಚು ಉದ್ದವನ್ನು ಸೇರಿಸಿದಂತೆ ವರ್ತಿಸುತ್ತದೆ. ಆಳ ಹೆಚ್ಚಿದರೆ ಸ್ಪ್ರಿಂಗು ಸಡಿಲ, ಕಂಪನ ನಿಧಾನ. ಆದಕಾರಣ ಈ ಎಳೆತ ಕೆಳಗಿನ ಸ್ವರಗಳಲ್ಲಿಯೇ ಆರಂಭವಾಗಿ, ಮೇಲಿನವು ಮಿತಿಮೀರಿ ಇಳಿಯುತ್ತವೆ. ನನ್ನ ಆಲಿಕೆಯ ‘ಪಟ್’ ಕಿವಿಗೇ ತಿಳಿಯುವಷ್ಟು ತಗ್ಗಿನದಾಗಿತ್ತು. ಊದುವ ಮೊದಲೇ ಬಡಿದು ನೋಡಬೇಕಿತ್ತು.