ಹಲ್ಲಿಗೂ ವಸಡಿಗೂ ನಡುವಣ ಬೆಸುಗೆ

ನಮ್ಮ ವಾಚನಾಲಯಕ್ಕೆ ದಿನವೂ ಬರುವ ಹಿರಿಯರೊಬ್ಬರು ವಸಡಿನಿಂದ ರಕ್ತ ಬರುವುದೆಂದು ಹಲ್ಲುಜ್ಜುವುದನ್ನೇ ಬಿಟ್ಟಿದ್ದರು. ಗಾಯವನ್ನು ಕೆದಕಬಾರದೆಂಬುದು ಅವರ ವಾದ. ಅವರಿಗೆ ಕೊಟ್ಟ ಉತ್ತರವನ್ನೇ, ಪುಸ್ತಕಗಳನ್ನು ನೋಡಿ ತಿದ್ದಿಕೊಂಡು, ವಾಚಕ ಬಂಧುಗಳ ಮುಂದಿಡುತ್ತಿದ್ದೇನೆ.

ವಸಡು ಮೆತ್ತಗಿನದು, ಹಲ್ಲು ಕಲ್ಲಿನಂಥದು. ಇವೆರಡೂ ಹೇಗೆ ಅಂಟಿಕೊಂಡಿವೆ? ವಸಡಿನ ಮೇಲ್ಹೊದಿಕೆಯ ಜೀವಕೋಶಗಳ ಅಡಿಯಲ್ಲಿ ‘ತಳಪೊರೆ’ ಎಂಬ ಹಾಸು ಇದೆ. ಅದರ ದಪ್ಪ ಕೂದಲೆಳೆಯ ನೂರರಲ್ಲೊಂದು ಪಾಲೂ ಇಲ್ಲ. ಅದರಲ್ಲಿ ನಾಲ್ಕನೆಯ ಬಗೆಯ ಕೊಲ್ಯಾಜನ್ ಎಂಬ ಪ್ರೋಟೀನು ಬಲೆಯಂತೆ ಹರಡಿದೆ; 1979ರಲ್ಲಿ ಗುರುತಿಸಲಾದ ಲ್ಯಾಮಿನಿನ್ ಜೀವಕೋಶಗಳನ್ನು ಹಿಡಿದಿಡುತ್ತದೆ. ನಾವು ಗಿರಣಿಯವರು ಹೇಳುವುದಾದರೆ ಒಂದು ನೇಯ್ಗೆ, ಇನ್ನೊಂದು ಅಂಟು. ಆದರೆ ಇದು ಬರಿಯ ಹಾಸಲ್ಲ. ಎಲ್ಲಿ ನಿಲ್ಲಬೇಕು, ಯಾವ ಕಡೆ ಬುಡ, ಯಾವಾಗ ಬೆಳೆಯಬೇಕು ಎಂಬ ಸೂಚನೆಯೂ ಜೀವಕೋಶಗಳಿಗೆ ಇಲ್ಲಿಂದಲೇ ದೊರೆಯುತ್ತದೆ.

ಹಲ್ಲು ಮೂಡುವಾಗ, ಅದರ ಮೇಲೆ ಎನಾಮಲ್ ಕಟ್ಟಿ ಮುಗಿಸಿದ ಕೋಶಗಳ ಪದರವು ಬಾಯಿಯ ಹೊದಿಕೆಯೊಡನೆ ಕೂಡಿ ಹಲ್ಲಿನ ಕುತ್ತಿಗೆಗೆ ಪಟ್ಟಿಯಾಗುತ್ತದೆ. ಈ ಪಟ್ಟಿಗೆ ಎರಡು ಪೊರೆಗಳು. ಒಳ ಮಾಂಸದ ಕಡೆಯದು ಸಾಮಾನ್ಯವಾದುದು. ಹಲ್ಲಿನ ಕಡೆಯದರಲ್ಲಿ ನಾಲ್ಕನೆಯ ಕೊಲ್ಯಾಜನ್ ಇಲ್ಲ. ಲ್ಯಾಮಿನಿನ್-332 ಎಂಬುದೇ ಮುಖ್ಯ. ಆ ಅಂಟನ್ನು ಜೀವಕೋಶಗಳೇ ತಯಾರಿಸಿ, ಸಣ್ಣ ಗುಂಡಿಗಳಂಥ ಹಿಡಿಕೆಗಳಿಂದ ಅದಕ್ಕೆ ಅಂಟಿಕೊಳ್ಳುತ್ತವೆ. ಹಳೆಯ ಕೋಶಗಳು ಉದುರಿ ಹೊಸವು ಬರುತ್ತಲೇ ಇದ್ದರೂ ಹಿಡಿತ ಸಡಿಲದು. ಈ ಲ್ಯಾಮಿನಿನ್ ಹುಟ್ಟಿನಿಂದಲೇ ಇಲ್ಲದ ಮಕ್ಕಳಿಗೆ ಸ್ವಲ್ಪ ತಿಕ್ಕಿದರೂ ಚರ್ಮ ಬೊಕ್ಕೆಯೆದ್ದು ಸುಲಿಯುತ್ತದೆ. ಎನಾಮಲೂ ಸರಿಯಾಗಿ ಬೆಳೆಯದು. ಅದರ ಮಹತ್ವಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿದಾಗ ಅದರ ಕ್ರಿಮಿಗಳಿಂದ ವಸಡು ಊದಿ ರಕ್ತ ಒಸರುತ್ತದೆ. ಬಹುಕಾಲ ಹಾಗೆಯೇ ಬಿಟ್ಟರೆ ಬೆಸುಗೆ ಬಿಚ್ಚಿ ಸಂದು ಆಳವಾಗುತ್ತದೆ, ಎಲುಬು ಕರಗುತ್ತದೆ, ಹಲ್ಲು ಅಲುಗುತ್ತದೆ. 1965ರಲ್ಲಿ ಹಾರಾಲ್ಡ್ ಲೋ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಆರೋಗ್ಯವಂತರಾದ 12 ಜನ ಹಲ್ಲುಜ್ಜುವುದನ್ನು ಬಿಟ್ಟರು. ಮೂರು ವಾರದೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಗುಣವಾಯಿತು.

ಆದುದರಿಂದ ರಕ್ತ ಕಂಡರೆ ಉಜ್ಜುವುದನ್ನು ನಿಲ್ಲಿಸಬಾರದು. ಮೆತ್ತನೆಯ ಬ್ರಷ್ಷಿನಿಂದ ನಿಧಾನವಾಗಿ ಬುಡವನ್ನು ಶುಚಿಮಾಡಬೇಕು. ಹೊಗೆಸೊಪ್ಪಿನ ಮಿಶ್ರಿಯನ್ನು ಬಿಡಬೇಕು. ಎರಡು ವಾರದಲ್ಲಿ ನಿಲ್ಲದಿದ್ದರೆ ದಂತವೈದ್ಯರಲ್ಲಿಗೆ ಹೋಗತಕ್ಕದ್ದು. ಕರಗಿದ ಎಲುಬು ಬ್ರಷ್ಷಿನಿಂದ ಮರಳಿ ಬಾರದು.

ನಮ್ಮ ಹಿರಿಯರು ಮತ್ತೆ ಬ್ರಷ್ಷು ಹಿಡಿದಿದ್ದಾರೆ.